ಕೈಗೆ ಕೊಡಬಾರದ ವಸ್ತು

ಹೆಂಗಸರ ಬ್ಯಾಗಿನಲ್ಲಿ ಏನೇನಿರುತ್ತದೆ ಎಂಬುದರ ಬಗ್ಗೆ ಗಂಡಸರಿಗೆ ಒಂದು ಕುತೂಹಲವಿದೆ. ಮದುವೆಯಾಗಿ ಮೂವತ್ತೆಂಟು ವರ್ಷ ಕಳೆದರೂ ನಮ್ಮ ಮನೆಯವರಿಗೆ ಅದು ತೀರಿಲ್ಲ. ನನ್ನ ಬ್ಯಾಗಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಕನ್ನಡಕದ ಡಬ್ಬಿ, ವಿಭೂತಿ ಪೊಟ್ಟಣ, ನಾಲ್ಕು ಪಿನ್ನು, ಯಾವುದೋ ಗೃಹಪ್ರವೇಶದಲ್ಲಿ ಕೊಟ್ಟ ಅಡಿಕೆ ಚೂರು, ಎಲ್ಲಕ್ಕಿಂತ ತಳದಲ್ಲಿ ಒಂದು ಮಡಿಸುವ ಚಾಕು. ಉಳಿದದ್ದನ್ನು ಕಂಡು ಸುಮ್ಮನಿರುವ ಜನ ಚಾಕು ಕಂಡ ಕೂಡಲೇ ನನ್ನ ಮುಖ ನೋಡುತ್ತಾರೆ. "ಅಲ್ಲ, ಟೀಚರ್ ಆಗಿದ್ದೋರು ನೀವು..." ಎಂದು ಅರ್ಧಕ್ಕೆ ನಿಲ್ಲಿಸುತ್ತಾರೆ. ಟೀಚರ್ ಆಗಿದ್ದಕ್ಕೇ ಚಾಕು ಬಂದದ್ದು ಎಂದರೆ ಅವರಿಗೆ ಇನ್ನಷ್ಟು ಗಾಬರಿಯಾಗುತ್ತದೆ.

ಅಜ್ಜಂಪುರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತಿದ್ದೆ. ಮನೆ ಬೀರೂರಿನಲ್ಲಿ. ದಾಸವಾಳದ ಹೂವನ್ನು ಉದ್ದಕ್ಕೆ ಸೀಳಿ ಒಳಗೆ ಏನೇನಿದೆ ಎಂದು ಮಕ್ಕಳಿಗೆ ತೋರಿಸಬೇಕು. ಶಾಲೆಯ ಬ್ಲೇಡುಗಳೋ, ತುಕ್ಕು ಹಿಡಿದು ಕಾಗದಕ್ಕೆ ಅಂಟಿಕೊಂಡಿರುತ್ತಿದ್ದವು. ಹಾಗಾಗಿ ನನ್ನದೇ ಚಾಕು. ಬೀರೂರಿಗೂ ಅಜ್ಜಂಪುರಕ್ಕೂ ದಿನಾ ಓಡಾಡುವ ರೈಲಿನಲ್ಲಿ ನನ್ನ ಹೆಸರು ಗೊತ್ತಿದ್ದವರು ಕಡಿಮೆ, "ಚಾಕು ಟೀಚರ್ ಎಲ್ಲವ್ರೆ?" ಎಂದು ಕೇಳುವವರೇ ಹೆಚ್ಚು. ಸೌತೆಕಾಯಿ ಹೆಚ್ಚಲು, ಪಾರ್ಸೆಲ್ಲಿನ ದಾರ ಕೊಯ್ಯಲು, ವರ್ಗವಾಗಿ ಹೋಗುವವರ ಕೇಕು ಕತ್ತರಿಸಲು, ಎಲ್ಲದಕ್ಕೂ ನನ್ನ ಬ್ಯಾಗಿಗೇ ಕೈ. ಒಮ್ಮೆ ಅಜ್ಜಂಪುರ ಸ್ಟೇಷನ್ನಿನ ಹೊರಗೆ, ಬೈಕಿನ ಹಿಂದೆ ಕೂತ ಹೆಂಗಸೊಬ್ಬಳ ಸೆರಗು ಚಕ್ರಕ್ಕೆ ಸುತ್ತಿಕೊಂಡು ಕತ್ತು ಬಿಗಿಯತೊಡಗಿತ್ತು. ಓಡಿಹೋಗಿ ಸೆರಗನ್ನು ಕೊಯ್ದು ಹಾಕಿದೆ. ಆಕೆ ಎರಡು ನಿಮಿಷ ಕೆಮ್ಮಿ, ಉಸಿರು ತಿರುಗಿದ ಮೇಲೆ ಆಡಿದ ಮೊದಲ ಮಾತು, "ಹೊಸಾ ಸೀರೆ ಕಣ್ರೀ! ನೋಡ್ಕೊಂಡು ಕುಯ್ಯೋದಲ್ವಾ?" ಅಂತ. ಆಮೇಲೆ ನನ್ನ ಕೈ ಹಿಡಿದು ಅತ್ತಳು, ಅದು ಬೇರೆ ಮಾತು.

ಚಾಕು ನನ್ನಪ್ಪನದು. ಚೌಳಹಿರಿಯೂರಿನ ಪ್ರೈಮರಿ ಶಾಲೆಯಲ್ಲಿ ಅಪ್ಪ ಮೇಷ್ಟ್ರು. ಕೊಂಬಿನ ಹಿಡಿ, ಹಿತ್ತಾಳೆಯ ಮೊಳೆ, ಮಸೆದು ಮಸೆದು ಸವೆದು ಹೋದ ಅಲಗು. ಅಲಗಿನ ಮೇಲ್ತುದಿಯಲ್ಲಿ ಉಗುರು ಸಿಕ್ಕಿಸಿ ಎಳೆಯಲು ಒಂದು ಸಣ್ಣ ಗೀರು. ಇಡೀ ಶಾಲೆಯ ಪೆನ್ಸಿಲ್ಲುಗಳನ್ನು ಅಪ್ಪ ಅದರಲ್ಲೇ ಚೂಪು ಮಾಡುತ್ತಿದ್ದರು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಸಾಲಾಗಿ ನಿಲ್ಲುವುದು, ಮರದ ಹೊಪ್ಪಳಿಕೆಗಳು ಅಪ್ಪನ ಪಂಚೆಯ ಮೇಲೆ ಉದುರುವುದು, ಮೊನೆ ಮುರಿದರೆ ಅಪ್ಪ "ಶಿವನೇ" ಎನ್ನುವುದು, ಇವೆಲ್ಲ ಕಣ್ಣಿಗೆ ಕಟ್ಟಿದಂತಿದೆ. ಹೊಪ್ಪಳಿಕೆಗಳನ್ನು ಆರಿಸಿ ನೋಟ್‌ಬುಕ್ಕಿನಲ್ಲಿ ಹೂವಿನ ಎಸಳಿನಂತೆ ಅಂಟಿಸುವುದು ನನ್ನ ಕೆಲಸ. ಗೋಂದಿಗೆ ಬದಲು ಅನ್ನದ ಅಗುಳು ಹಚ್ಚುತ್ತಿದ್ದೆ, ಒಂದು ವಾರಕ್ಕೆ ಇರುವೆಗಳು ಬಂದು ನನ್ನ ತೋಟವನ್ನು ಮುಗಿಸುತ್ತಿದ್ದವು.

ನಮ್ಮ ಕಡೆ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ನಿಮಗೂ ಗೊತ್ತಿರಬಹುದು. ಉಪ್ಪು, ಮೆಣಸಿನಕಾಯಿ, ಚಾಕು, ಈ ಮೂರನ್ನು ಕೈಗೆ ಕೊಟ್ಟರೆ ಕೊಟ್ಟವರಿಗೂ ತಗೊಂಡವರಿಗೂ ಜಗಳ. ಕೊಡುವವರು ನೆಲದ ಮೇಲಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಅವ್ವ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಇದು ನಿಜವೋ ಸುಳ್ಳೋ ನೋಡೇಬಿಡೋಣವೆಂದು ನಾನೂ ನನ್ನಣ್ಣನೂ ಒಂದು ದಿನ ಹಿತ್ತಲಲ್ಲಿ ಕೂತು ಅಪ್ಪನ ಚಾಕುವನ್ನು ಹತ್ತು ಸಲ ಕೈಯಿಂದ ಕೈಗೆ ದಾಟಿಸಿದೆವು. ಹತ್ತು ಸಲವಾಯಿತೆಂದು ಅವನು, ಒಂಬತ್ತೇ ಎಂದು ನಾನು. ಮಾತು ಬೆಳೆದು ಅವನು ನನ್ನ ಜಡೆ ಹಿಡಿದ, ನಾನು ಅವನ ತೋಳು ಕಚ್ಚಿದೆ. ಅವ್ವ ಇಬ್ಬರಿಗೂ ಬಾರಿಸಿ, "ಹೇಳ್ಲಿಲ್ವಾ ನಾನು?" ಎಂದಳು. ವಿಜ್ಞಾನದ ಟೀಚರಾದ ಮೇಲೆ ಆ ಪ್ರಯೋಗದ ದೋಷಗಳೆಲ್ಲ ನನಗೆ ತಿಳಿದವು. ಆದರೂ ಅವತ್ತಿನಿಂದ ಇವತ್ತಿನವರೆಗೆ ಯಾರ ಕೈಗೂ ಚಾಕು ಕೊಟ್ಟವಳಲ್ಲ. ನನಗೆ ಕೆಲಸ ಸಿಕ್ಕ ದಿನ ಅಪ್ಪ ಅದನ್ನು ಚಾಪೆಯ ಮೇಲಿಟ್ಟು, "ತಗೊಳವ್ವ, ಇನ್ಮೇಲೆ ನಿಂದು" ಎಂದರು. ಬಗ್ಗಿ ಎತ್ತಿಕೊಂಡೆ.

ನಮ್ಮ ಮನೆಯವರು ಈ ವಿಷಯದಲ್ಲಿ ಅವ್ವನನ್ನೂ ಮೀರಿಸಿದವರು. ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರಿಗೆ ರೂಲು ಎಂದರೆ ರೂಲು. ಆಗ ಒಂಟಿ ಹಳಿಯ ಮೇಲೆ ಒಂದು ರೈಲು ಮುಂದೆ ಹೋಗಬೇಕಾದರೆ ಟೋಕನ್ ಬೇಕಾಗಿತ್ತು. ಕಬ್ಬಿಣದ ಗುಂಡು, ಚರ್ಮದ ಚೀಲ, ಅದಕ್ಕೊಂದು ದೊಡ್ಡ ಬಳೆ. ಇಂಜಿನ್ನು ಹಾದುಹೋಗುವಾಗ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ಅದನ್ನು ಡ್ರೈವರನ ಕೈಗೆ ಸೇರಿಸುವುದು ಇವರ ಕೆಲಸ. ನೆಲಕ್ಕಿಡುವ ಹಾಗಿಲ್ಲ, ಎಸೆಯುವ ಹಾಗಿಲ್ಲ. "ಆ ಕಡೆ ಕೈ ಹಿಡ್ದಿದೆ ಅಂತ ನಮ್ಮ ಕೈಗೆ ಗೊತ್ತಾಗ್ಬೇಕು ಕಣೇ. ಆಮೇಲೇ ಬಿಡೋದು" ಎಂದು ಎಷ್ಟು ಸಲ ಹೇಳಿದ್ದಾರೋ. ಹೀಗೆ ಸಾವಿರಾರು ಟೋಕನ್ನು ಕೈಯಿಂದ ಕೈಗೆ ದಾಟಿಸಿದ ಮನುಷ್ಯ ಮನೆಯಲ್ಲಿ ಒಂದು ದಿನವೂ ನನಗೆ ಚಾಕು ಕೈಗೆ ಕೊಟ್ಟದ್ದಿಲ್ಲ. ಹಾಗಂತ ನಮ್ಮಲ್ಲಿ ಜಗಳಕ್ಕೇನೂ ಬರವಿರಲಿಲ್ಲ. ಫ್ಯಾನಿನ ಸ್ಪೀಡಿಗೆ, ಸಾರಿನ ಉಪ್ಪಿಗೆ, ನಮ್ಮಣ್ಣನ ಗುಣಕ್ಕೆ, ಅವರ ತಂಗಿಯ ಬಾಯಿಗೆ, ದಿನಕ್ಕೊಂದಾದರೂ ಆಗಲೇಬೇಕು. ಪಕ್ಕದ ಮನೆಯವರು ಗಡಿಯಾರ ನೋಡದೆ, ನಮ್ಮ ದನಿ ಕೇಳಿಯೇ ಸಂಜೆಯ ಕಾಫಿಗೆ ಹಾಲಿಡುತ್ತಿದ್ದರು.

ನಾಲ್ಕು ತಿಂಗಳ ಹಿಂದೆ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಬಲ ಮಣಿಕಟ್ಟು ಮುರಿಯಿತು. ಕಟ್ಟು ಬಿಚ್ಚಿದ ಮೇಲೆ ನೋಡಿದರೆ ಹೆಬ್ಬೆರಳೂ ತೋರುಬೆರಳೂ ನನ್ನ ಮಾತು ಕೇಳುತ್ತಿಲ್ಲ. ಲೋಟ ಹಿಡಿಯುತ್ತೇನೆ, ಪೊರಕೆ ಹಿಡಿಯುತ್ತೇನೆ, ಅಂಗೈಗೆ ಬಂದದ್ದನ್ನು ಬಿಡುವುದಿಲ್ಲ. ಆದರೆ ಚಿಟಿಕೆ ಬರುವುದಿಲ್ಲ. ಸೂಜಿ, ನಾಣ್ಯ, ಒಂದು ಚಿಟಿಕೆ ವಿಭೂತಿ, ಯಾವುದನ್ನೂ ಎತ್ತಲಾಗದು. "ಬಲ ಬರುತ್ತೆ, ಎಷ್ಟು ಬರುತ್ತೆ ಅಂತ ಹೇಳೋಕಾಗಲ್ಲ" ಎಂದರು ಡಾಕ್ಟರು. ಅಪ್ಪನ ಚಾಕುವಿನ ಗೀರಿಗೆ ಉಗುರು ಸಿಕ್ಕಿಸಿ ಎಳೆದೆ, ಉಗುರು ಮುರಿಯಿತು, ಚಾಕು ತೆರೆಯಲಿಲ್ಲ. ಅದನ್ನು ಮತ್ತೆ ಬ್ಯಾಗಿನ ತಳಕ್ಕೆ ಹಾಕಿದೆ.

ಮನೆಯಲ್ಲಿ ಒಂದು ವ್ಯವಸ್ಥೆಯಾಯಿತು. ಈಳಿಗೆಮಣೆ ಅಟ್ಟ ಸೇರಿತು. ತರಕಾರಿ ಇವರೇ ಹೆಚ್ಚುವುದು. ಹಾಸನದಲ್ಲಿರುವ ಮಗಳು ಒಂದು ಪ್ಲಾಸ್ಟಿಕ್ ಚಕ್ರ ಕಳಿಸಿದಳು, ಸೇಬಿನ ಮೇಲಿಟ್ಟು ಒತ್ತಿದರೆ ಎಂಟು ಹೋಳಾಗುತ್ತದಂತೆ. "ಅಮ್ಮ, ಇನ್ನು ಆ ಚಾಕು ಗೀಕು ಬೇಡ, ಆಯ್ತಾ?" ಎಂದಳು. ಹೂಂ ಎಂದೆ. ಇವರು ಹಣ್ಣನ್ನು ಬೊಂಬೆಗೆ ತಿನ್ನಿಸುವಷ್ಟು ಸಣ್ಣಗೆ ಹೆಚ್ಚಿ ತಟ್ಟೆಯಲ್ಲಿಟ್ಟು, "ತಿನ್ನು" ಎನ್ನುವರು. ಹೂಂ ಎಂದು ತಿನ್ನುವೆ. ಸಾರಿಗೆ ಉಪ್ಪು ಜಾಸ್ತಿಯಾಗಿದ್ದರೂ ಹೂಂ. ಇಷ್ಟೆಲ್ಲ ಮಾಡುವವರಿಗೆ ಏನಂತ ಹೇಳುವುದು? ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ, ನಿಜ. ಆದರೆ ಒಂದು ಸಂಜೆ ಸೀಬೆಹಣ್ಣಿನ ಹೋಳುಗಳ ಮುಂದೆ ಕೂತಾಗ ನನಗೆ ಭಯವಾಯಿತು. ಹಲ್ಲಿಂದ ಕಚ್ಚಿ ತಿನ್ನಬೇಕಾದ ಹಣ್ಣಿಗೆ ಫೋರ್ಕು ಚುಚ್ಚಿಟ್ಟಿದ್ದರು. ಇನ್ನು ಮುಂದೆ ನಾನು, ಯಾರೋ ಕತ್ತರಿಸಿಕೊಟ್ಟದ್ದನ್ನು ತಿನ್ನುವವಳು. ಈಗ ಒಪ್ಪಿಕೊಂಡರೆ ಮುಗಿಯಿತು, ಮತ್ತೆ ನನ್ನ ಕೈ ನನಗೆ ಸಿಗುವುದಿಲ್ಲ ಎನಿಸಿತು.

"ನಂಗೊಂದು ಚಾಕು ಬೇಕು" ಎಂದೆ.

"ಯಾತಕ್ಕೆ?"

"ಬ್ಯಾಗಲ್ಲಿಟ್ಕೊಳ್ಳೋಕೆ."

ಇವರು ನನ್ನ ಕೈ ನೋಡಿದರು, ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಬೇಡವೆಂದಿದ್ದರೆ ಚೆನ್ನಾಗಿತ್ತು, ವಾದಕ್ಕಾದರೂ ಇಳಿಯಬಹುದಿತ್ತು.

ಹೀಗೆ ಅರವತ್ತಮೂರನೆಯ ವಯಸ್ಸಿನಲ್ಲಿ ಹೊಸ ಕಾಲದ ಚಾಕುಗಳ ಲೋಕಕ್ಕೆ ಕಾಲಿಟ್ಟೆ. ಒಂದು ಸಾಧಾರಣ ಜೊತೆ ಚಪ್ಪಲಿಯ ಬೆಲೆ ದಾಟಬಾರದು ಎಂಬುದಷ್ಟೇ ನನ್ನ ಷರತ್ತು. ಫೋನಿನಲ್ಲಿ ಹುಡುಕಿದರೆ ಗಡ್ಡ ಬಿಟ್ಟ ಗಂಡಸರು ಕಾಡಿನಲ್ಲಿ ನಿಂತು ಚಾಕುವಿನಿಂದ ಕಟ್ಟಿಗೆ ಸೀಳುತ್ತ ಗಂಟೆಗಟ್ಟಲೆ ಮಾತಾಡುತ್ತಾರೆ. ಅಲಗಿನ ಉಕ್ಕಿಗೆ ಕಾರಿನ ನಂಬರಿನಂತೆ ಅಕ್ಷರ, ಅಂಕಿ. ಎಲ್ಲವನ್ನೂ ಎಡಗೈಯಲ್ಲಿ, ಸೊಟ್ಟಪಟ್ಟ ಅಕ್ಷರದಲ್ಲಿ, ಶ್ರದ್ಧೆಯಿಂದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಬ್ಬನೂ ನನ್ನಂಥ ಹೆಬ್ಬೆರಳಿನ ಬಗ್ಗೆ ಬಾಯಿ ಬಿಡಲಿಲ್ಲ.

ಕೊರಿಯರಿನಲ್ಲಿ ತರಿಸಿದ ಮೊದಲನೆಯದು, ಮುಟ್ಟಿದ ಕೂಡಲೇ ಟಪಕ್ಕನೆ ಹೊರಗೆ ಚಿಮ್ಮಿತು. ಸಿನಿಮಾದ ಖಳನಾಯಕನ ಕೈಯಲ್ಲಿರುತ್ತದಲ್ಲ, ಅಂಥದು. ಇವರು ಎರಡು ಹೆಜ್ಜೆ ಹಿಂದೆ ಸರಿದರು, ನಾನು ಮೂರು. ಅವತ್ತೇ ವಾಪಸು ಕಳಿಸಿದೆವು. ಕಡೂರಿನಲ್ಲಿ ಕೀ ಚೈನಿಗೆ ನೇತುಹಾಕಿದ್ದ ಒಂದು ಸಿಕ್ಕಿತು, ಬೆಂಡೆಕಾಯಿಯೂ ಅದಕ್ಕೆ ದಪ್ಪ. ಬೀರೂರಿನ ಹಾರ್ಡ್‌ವೇರ್ ಅಂಗಡಿಯವರು ಕೊಟ್ಟದ್ದರಲ್ಲಿ ಚಾಕು, ಕತ್ತರಿ, ಗರಗಸ, ಚಮಚ, ಮೇಲೊಂದು ತಿರುಚಿದ ಕಂಬಿ. ಅದೇನು ಎಂದು ಕೇಳಿದೆ. ವೈನ್ ಬಾಟಲಿಯ ಬಿರಡೆ ತೆಗೆಯೋದು ಮೇಡಂ ಎಂದು ಅವರು ತುಸು ಸಂಕೋಚದಿಂದ ಹೇಳಿದರು. ಇವರು ಅಂಗಿಯೊಳಗಿನ ಕರಡಿಗೆಯನ್ನು ಮುಟ್ಟಿಕೊಂಡು, "ಲಿಂಗ ಕಟ್ಟಿದೋರ ಮನೆಗೆ ಇದ್ಯಾಕ್ರೀ?" ಎಂದರು. ಅದರ ಒಂದೊಂದು ಅಲಗಿಗೂ ಉಗುರಿನ ಗೀರು ಇತ್ತು. ಹತ್ತು ಬಾಗಿಲಿನ ಮನೆ, ಒಂದೂ ನನಗೆ ತೆರೆಯಲಿಲ್ಲ.

ಕೊನೆಗೆ ಯಾರೋ ತರೀಕೆರೆಗೆ ಹೋಗಿ ನೋಡಿ ಎಂದರು. ಬಸ್ಸಿನಲ್ಲಿ ಚಿಲ್ಲರೆ ಎಣಿಸಿ ಕೊಡಲು ಆಗಲ್ಲ ಎಂದು ಇವರೂ ಬಂದರು. ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ದೂರ, ಬೀಗ, ಟಾರ್ಚು, ಅಡಿಕೆ ಸುಲಿಯುವ ಕತ್ತಿಗಳ ಒಂದು ಕಿರಿದಾದ ಅಂಗಡಿ. ಗಲ್ಲಾದ ಹಿಂದೆ ಕೂತಿದ್ದ ಹೆಂಗಸು ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಳ್ಳುತ್ತ ಎದ್ದು ನಿಂತಳು.

"ಟೀಚರ್! ನಾನು ಶಾಹಿದಾ. ಅಜ್ಜಂಪುರದಲ್ಲಿ ಅಜ್ಜಿ ಮನೇಲಿದ್ಕಂಡು ಓದ್ತಿದ್ದೆ. ದಾಸವಾಳದ ಹೂ ಸೀಳೋಕೆ ನನ್ನೇ ಕರೀತಿದ್ರಿ, ಜ್ಞಾಪಕ ಐತಾ?"

ಎರಡು ಜಡೆ ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವಳು. ಹೂವನ್ನು ಅವಳಷ್ಟು ನೇರವಾಗಿ ಸೀಳಿದವರು ಆ ಶಾಲೆಯಲ್ಲಿ ಯಾರೂ ಇರಲಿಲ್ಲ. ತನ್ನ ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಅಂಗಡಿ ತಾನೇ ನೋಡಿಕೊಳ್ಳುತ್ತಿದ್ದಾಳಂತೆ. ನಾನು ನೋಟ್‌ಬುಕ್ಕು ತೆರೆದು ಉಕ್ಕಿನ ನಂಬರುಗಳನ್ನು ಓದತೊಡಗಿದೆ. ಅವಳು ನಕ್ಕಳು.

"ಅದೆಲ್ಲ ಮಡಗಿ ಟೀಚರ್. ಮೊದ್ಲು ಕೈ ತೋರ್ಸಿ."

ಅವಳು ನನ್ನ ಹೆಬ್ಬೆರಳನ್ನು ಹಿಡಿದು ಮಡಿಸಿ, ಬಿಡಿಸಿ, ಪಕ್ಕಕ್ಕೆ ತಳ್ಳಿ ನೋಡಿದಳು. ವರ್ಷಾನುಗಟ್ಟಲೆ ಅಡಿಕೆ ಸುಲಿದು ಬೆರಳು ಸೆಟೆದುಹೋದ ಹೆಂಗಸರು ಅವಳಲ್ಲಿಗೆ ಬರುತ್ತಾರಂತೆ, ಕತ್ತಿಯ ಹಿಡಿ ಬದಲಾಯಿಸಿಕೊಳ್ಳಲು. ಡಾಕ್ಟರಿಗಿಂತ ಹೆಚ್ಚು ಹೊತ್ತು ನೋಡಿದಳು. ಆಮೇಲೆ ಅಪ್ಪನಿಗೆ ಫೋನು ಮಾಡಿ, "ಅಬ್ಬಾ, ಓ ನೀಲಾ ಡಬ್ಬಾ ಕಾಂ ರಖೇ?" ಎಂದು ಕೇಳಿ, ಮೇಲಿನ ಗೂಡಿನಿಂದ ಒಂದು ನೀಲಿ ಡಬ್ಬ ಇಳಿಸಿದಳು. ಚಾಕುಗಳನ್ನು ಒಂದೊಂದಾಗಿ ತೆಗೆದು ಗಲ್ಲಾದ ಮೇಲೆ ಹಾಸಿದ ಪೇಪರಿನ ಮೇಲಿಟ್ಟಳು. ಕೈಗೆ ಕೊಡಲಿಲ್ಲ. ಇವರು ಮೆಚ್ಚುಗೆಯಿಂದ ತಲೆಯಾಡಿಸಿದರು. "ನಮ್ಮಲ್ಲೂ ಕೊಡಲ್ಲ ಸಾರ್. ಅಬ್ಬಾ ಬಯ್ತಾರೆ" ಎಂದಳು.

ಎಡಗೈಯಿಂದ ಎತ್ತಿ ಬಲಗೈಗೆ ಹಾಕಿಕೊಂಡು ಒಂದೊಂದನ್ನೇ ನೋಡಿದೆ. ಒಂದರ ಅಲಗಿನ ಬುಡದಲ್ಲಿ ಹೆಬ್ಬೆರಳು ಆನುವಷ್ಟು ದೊಡ್ಡದೊಂದು ತೂತು. ಉಗುರು ಬೇಡ, ಚಿಟಿಕೆ ಬೇಡ. ಬೆರಳಿನ ಮೆತ್ತನೆಯ ಭಾಗ ಅದಕ್ಕೆ ಒತ್ತಿ ತಳ್ಳಿದೆ. ಅಲಗು ನಿಧಾನವಾಗಿ ಹೊರಬಂದು ಟಕ್ಕೆಂದು ನಿಂತಿತು. ನಾಲ್ಕು ತಿಂಗಳಲ್ಲಿ ನನ್ನ ಹೆಬ್ಬೆರಳು ಮಾಡಿದ ಮೊದಲ ಕೆಲಸ. ನನಗೆ ಕುಣಿಯುವಷ್ಟು ಸಂತೋಷವಾಯಿತು.

"ತೆಗ್ಯೋದು ದೊಡ್ಡದಲ್ಲ ಟೀಚರ್, ಮುಚ್ಚೋದ್ ನೋಡಿ" ಎಂದಳು ಶಾಹಿದಾ.

ತೆರೆದ ಅಲಗಿಗೆ ಬೀಗದಂತೆ ಅಡ್ಡ ನಿಲ್ಲುವ ತಗಡೊಂದು ಹಿಡಿಯೊಳಗೆ ಇತ್ತು, ಅದನ್ನು ಹೆಬ್ಬೆರಳಿಂದ ಪಕ್ಕಕ್ಕೆ ತಳ್ಳಿದರೆ ಮಾತ್ರ ಚಾಕು ಮುಚ್ಚುವುದು. ತಳ್ಳಿದೆ, ತಗಡು ಅಲ್ಲಾಡಲಿಲ್ಲ. ತೆರೆದ ಚಾಕು ಹಿಡಿದು ಮುಚ್ಚಲಾಗದೆ ನಿಲ್ಲುವುದು ಬಹಳ ಪೆಚ್ಚಿನ ಸಂಗತಿ. ಅವಳು ಅದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಪೇಪರಿನ ಮೇಲಿಟ್ಟಳು. ಅದರಲ್ಲೂ ಅಂಥದೇ ತೂತು, ಆದರೆ ಬೀಗ ಇದ್ದದ್ದು ಹಿಡಿಯ ಬೆನ್ನಿನ ಮೇಲೆ. ಅಂಗೈ ಬುಡದಿಂದ ಒತ್ತಿದರೆ ಸಾಕು, ಬಿಟ್ಟುಕೊಡುತ್ತಿತ್ತು. ಅಲಗು ನನ್ನ ನಡುಬೆರಳಿಗಿಂತ ತುಸು ಗಿಡ್ಡ. ಬೆಲೆ ಚಪ್ಪಲಿಗಿಂತ ಕಡಿಮೆ.

"ಬೆರಳು ಕುಯ್ಕಂಡ್ಬಿಟ್ರೆ?" ಇವರು ಶಾಹಿದಾಳನ್ನೇ ಕೇಳಿದರು.

"ಮೊಂಡು ಚಾಕು ಕುಯ್ಯೋದು ಸಾರ್, ಒತ್ತಿ ಒತ್ತಿ ಜಾರ್ತೈತೆ. ಇದು ಚೂಪೈತೆ, ಹೇಳ್ದಂಗ್ ಕೇಳುತ್ತೆ."

ಇವರು ಬೆರಳ ತುದಿಯಿಂದ ಅಲಗನ್ನು ಮುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಮನೇಲಿ ದೇವರ ಮುಂದೆ ಇಡೋಣ. ನೀನೇ ಬಲಗೈಲಿ ತಗೊಂಡು, ನನ್ನೆದ್ರಿಗೆ ತೆಗ್ದು ಮುಚ್ಚು. ಆಗ್ಲಿಲ್ಲಾ ಅಂದ್ರೆ ವಾಪಸ್ ಕೊಟ್ಬಿಡೋಣ, ಆಮೇಲೆ ಈ ಚಾಕು ವಿಷ್ಯ ಎತ್ಬಾರ್ದು" ಎಂದರು. ಹೂಂ ಎಂದೆ. ಶಾಹಿದಾ ನನ್ನನ್ನೇ ನೋಡಿದಳು. ತರಗತಿಯಲ್ಲಿ ನಾನು ಹೀಗೆ ಹೂಂ ಎಂದದ್ದನ್ನು ಅವಳು ಕಂಡಿರಲಿಲ್ಲ.

ಅವತ್ತು ಸಂಜೆ ದೀಪ ಹಚ್ಚಿದ ಮೇಲೆ ಇವರು ಚಾಕುವಿಗೆ ಮೂರೆಳೆ ವಿಭೂತಿ ಎಳೆದು, ಹೂವೇರಿಸಿ, ಕೈಮುಗಿದರು. ಆಮೇಲೆ ನಮ್ಮ ಪದ್ಧತಿಯಂತೆ ಅದನ್ನು ನನ್ನ ಮುಂದೆ ನೆಲದ ಮೇಲಿಟ್ಟು, "ತಗೋ" ಎಂದರು.

ಬಗ್ಗಿದೆ. ನಮ್ಮದು ಹಳೆಯ ಕೆಂಪು ನೆಲ, ಒರೆಸಿ ಒರೆಸಿ ಕನ್ನಡಿಯಾಗಿದೆ. ಚಾಕು ತೆಳ್ಳಗಿದೆ. ಎರಡು ಬೆರಳು ಸೇರಿಸಿದರೆ ಅದು ಜಾರಿ ಮುಂದೆ ಹೋಗುತ್ತದೆ. ಮತ್ತೆ ಬಗ್ಗಿದೆ, ಮತ್ತೆ ಜಾರಿತು. ಹೀಗೆ ದೇವರ ಮುಂದಿನಿಂದ ಗೋಡೆಯವರೆಗೆ ಅದನ್ನು ಅಟ್ಟಿಸಿಕೊಂಡು ಹೋದೆ. ತೆರೆಯುವುದು ಗೊತ್ತು, ಮುಚ್ಚುವುದು ಗೊತ್ತು, ನೆಲದಿಂದ ಎತ್ತುವುದನ್ನು ಅಂಗಡಿಯಲ್ಲಿ ಇಬ್ಬರೂ ಯೋಚಿಸಿಯೇ ಇರಲಿಲ್ಲ. ತಡೆಯದೆ ಎಡಗೈ ಚಾಚಿದೆ.

"ಎಡಗೈ ಬೇಡ ಕಣೇ, ಹೊಸಾದು" ಎಂದರು.

ಬಲಗೈಗೆ ಬರುವುದಿಲ್ಲ, ಎಡಗೈಯಲ್ಲಿ ತಗೊಳ್ಳಬಾರದು, ಕೈಗೆ ಕೊಡಬಾರದು. ಮೂರು ರೂಲುಗಳ ನಡುವೆ ನಾನು ನೆಲದ ಮೇಲೆ ಕೂತೆ. ಬೇಕೆಂದೇ ಹೀಗೆ ಮಾಡಿದರೇನೋ ಎಂದು ಒಂದು ಕ್ಷಣ ಸಿಟ್ಟು ನೆತ್ತಿಗೇರಿತು. ತಲೆ ಎತ್ತಿ ನೋಡಿದರೆ ಅವರ ಮುಖ ನನ್ನ ಮುಖಕ್ಕಿಂತ ಸಣ್ಣದಾಗಿತ್ತು. ಸಿಟ್ಟೆಲ್ಲ ಅಳುವಾಗಿ ಬಂತು. "ವಾಪಸ್ ಕೊಟ್ಬಿಡಿ" ಎಂದೆ.

ಇವರು ಪಂಚೆ ಮೇಲೆ ಕಟ್ಟಿಕೊಂಡು ನನ್ನೆದುರು ಕೂತರು. ಗೋಡೆಯ ಹತ್ತಿರ ಹೋಗಿದ್ದ ಚಾಕುವನ್ನು ಎತ್ತಿಕೊಂಡರು. ನನ್ನ ಬಲಗೈಯನ್ನು ತಮ್ಮ ಎಡಗೈ ಮೇಲಿಟ್ಟುಕೊಂಡು, ಚಾಕುವನ್ನು ನನ್ನ ಅಂಗೈಗೇ ಇಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿದರು. ಕೈ ಬಿಡಲಿಲ್ಲ.

"ಹಿಡ್ಕಂಡ್ಯಾ?"

"ರೀ, ಕೈಗೆ ಕೊಡ್ತಿದೀರಲ್ರೀ. ಜಗಳ ಬರುತ್ತೆ."

"ಬರ್ಲಿ ಬಿಡೇ" ಎಂದರು. "ನೀನು ಬಿದ್ದಾಗಿಂದ ಒಂದಿನಾನೂ ಜಗಳ ಆಡಿಲ್ಲ ನನ್ಹತ್ರ. ಏನ್ ಹೇಳಿದ್ರೂ ಹೂಂ ಅಂತೀಯ. ಮನೇಲಿ ಯಾರೂ ಇಲ್ವೇನೋ ಅನ್ಸುತ್ತೆ ನಂಗೆ."

ಬೆರಳುಗಳನ್ನು ಬಿಗಿ ಮಾಡಿದೆ. ಅದು ಅವರ ಕೈಗೆ ಗೊತ್ತಾಯಿತು, ಆಮೇಲೇ ಬಿಟ್ಟರು.

ಹೆಬ್ಬೆರಳನ್ನು ತೂತಿಗೆ ಒತ್ತಿ ತಳ್ಳಿದೆ. ಟಕ್ಕೆಂದಿತು. ದೇವರ ಮುಂದಿದ್ದ ಸೀಬೆಹಣ್ಣನ್ನು ಎಡಗೈಯಲ್ಲಿ ಹಿಡಿದು ಕೊಯ್ದೆ. ಹೋಳು ಓರೆಯಾಗಿ ಒಂದು ಕಡೆ ಮುಕ್ಕಾಲು, ಇನ್ನೊಂದು ಕಡೆ ಕಾಲು ಬಂತು. ಅಂಗೈ ಬುಡದಿಂದ ಒತ್ತಿ ಚಾಕು ಮುಚ್ಚುವಷ್ಟರಲ್ಲಿ ಇವರು ದೊಡ್ಡ ಹೋಳಿಗೆ ಕೈ ಹಾಕಿದ್ದರು.

"ಅದು ನಂದು. ನಾನು ಕುಯ್ದಿದ್ದು" ಎಂದೆ.

"ನಾನು ತಂದಿದ್ ಹಣ್ಣು!"

"ತಂದ್ರಂತೆ ಹಣ್ಣು! ನಿನ್ನೆ ಸಾರಿಗೆ ಅಷ್ಟು ಉಪ್ಪು ಸುರಿದಿದ್ಯಾರು, ಮೊದ್ಲು ಅದನ್ನ ಹೇಳಿ."

ಪಕ್ಕದ ಮನೆಯಲ್ಲಿ ಕಾಫಿಗೆ ಹಾಲಿಟ್ಟ ಸದ್ದು ಕೇಳಿಸಿತು.